ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ

(ಚಿಕ್ಕೋಡಿಯಲ್ಲಿ ನಡೆದ ಕುಟುಂಬ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಾಯಿಲೆ ಬಿದ್ದವರನ್ನು ಎಲ್ಲಿಗೆ ಒಯ್ಯಬೇಕೆಂಬುದು ಈ ಭಾಗದವರಿಗೆ ಚೆನ್ನಾಗಿ ಗೊತ್ತು. ಅಥಣಿ, ಕಾಗವಾಡದವರು ಗಡಿ ದಾಟಿ ಮಿರಜಿಗೆ ಹೋಗುತ್ತಾರೆ. ಅಲ್ಲಿ ಡಾ. ವಾನ್‌ಲೆಸ್‌ರವರು ಆಸ್ಪತ್ರೆ ಆರಂಭಿಸಿದ್ದು 1894ರಲ್ಲಿ; ಅಂದಿನಿಂದಲೂ ಅದು ನಮ್ಮ ಅಜ್ಜಂದಿರು ತುಳಿದ ಹಾದಿ. ನಿಪ್ಪಾಣಿಯವರಿಗೆ ಕೊಲ್ಲಾಪುರ ಹತ್ತಿರ. ಚಿಕ್ಕೋಡಿ, ರಾಯಬಾಗದವರು ಬೆಳಗಾವಿಗೋ ಮಿರಜಿಗೋ ಹೊರಡುತ್ತಾರೆ. ಹೋಗುವುದು ಗೊತ್ತಿದೆ. ಮರಳಿ ಬಂದ ಮೇಲೆ ಏನು ಮಾಡಬೇಕೆಂಬುದು ಮಾತ್ರ ಗೊತ್ತಿಲ್ಲ.

ನಮ್ಮ ಮನೆಯ ಸಂಗತಿಯನ್ನೇ ಹೇಳುತ್ತೇವೆ. ನಮ್ಮ ತಾಯಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಯಿತು. ಹನ್ನೊಂದನೆಯ ದಿನ ಆಸ್ಪತ್ರೆಯವರು ಇಂಗ್ಲಿಷಿನಲ್ಲಿ ಬರೆದ ಡಿಸ್ಚಾರ್ಜ್ ಚೀಟಿ ಕೈಗಿತ್ತು ಕಳಿಸಿದರು. ವಿವರಿಸಿದ ಸಿಬ್ಬಂದಿಯ ಮಾತು ಮರಾಠಿ, ನಮ್ಮ ಮನೆಮಾತು ದಖನಿ. ನಾವು ತಲೆಯಾಡಿಸಿ ಬಂದೆವು. ಪ್ರೀತಿಗೆ ಕೊರತೆ ಇರಲಿಲ್ಲ. ಎಬ್ಬಿಸಿ ಕೂಡಿಸುವಾಗ ಬಲವಿಲ್ಲದ ಕೈಯನ್ನೇ ಹಿಡಿದೆಳೆದೆವು. ಭುಜದ ಕೀಲು ಸಡಿಲಿ ನೋವು ಹಿಡಿಯಿತು. ಮಲಗಿದಲ್ಲೇ ಗಂಜಿ ಕುಡಿಸಿದೆವು. ಅದು ಶ್ವಾಸನಾಳಕ್ಕೆ ಹೋಗಿ ಕೆಮ್ಮು, ಜ್ವರ ಬಂದವು. ನಾಲ್ಕನೆಯ ವಾರ ಸೊಂಟದ ಹಿಂದೆ ಅಂಗೈಯಗಲದ ಹುಣ್ಣು ಕಾಣಿಸಿತು. ಲಕ್ವ ಕೊಟ್ಟ ನೋವಿಗಿಂತ ನಮ್ಮ ಅಜ್ಞಾನ ಕೊಟ್ಟ ನೋವೇ ಹೆಚ್ಚಾಗಿತ್ತು.

ಇವೆಲ್ಲ ತಡೆಯಬಹುದಾದವುಗಳೇ ಆಗಿದ್ದವು. ಹೊರಳಲಾರದ ರೋಗಿಯನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಆಹಾರ ಕೊಡುವಾಗ ಮೇಲಕ್ಕೆ ಒರಗಿಸಿ ಕೂಡಿಸಬೇಕು, ಆಮೇಲೂ ಅರ್ಧ ಗಂಟೆ ಹಾಗೆಯೇ ಇರಿಸಬೇಕು. ಮೂತ್ರದ ಚೀಲ ಸದಾ ಸೊಂಟಕ್ಕಿಂತ ಕೆಳಗಿರಬೇಕು. ಬಿದ್ದ ಕೈಕಾಲುಗಳ ಕೀಲುಗಳನ್ನು ದಿನವೂ ಮೆಲ್ಲಗೆ ಆಡಿಸದಿದ್ದರೆ ಅವು ಸೆಟೆದುಕೊಳ್ಳುತ್ತವೆ. ಲಕ್ವದಲ್ಲಿ ಚೇತರಿಕೆ ಹೆಚ್ಚು ಆಗುವುದು ಮೊದಲ ಕೆಲವು ತಿಂಗಳುಗಳಲ್ಲಿ. ನಾವು ಆ ತಿಂಗಳುಗಳನ್ನು ತಾಯತ, ಎಣ್ಣೆ, ಪಾರಿವಾಳದ ರಕ್ತ ಎಂದು ಕಳೆದುಬಿಡುತ್ತೇವೆ.

ಆಸ್ಪತ್ರೆಗೂ ಮನೆಗೂ ನಡುವೆ ಇನ್ನೊಂದು ಮೆಟ್ಟಿಲಿದೆ. ಅದು ಪುನಶ್ಚೇತನ ಮತ್ತು ಶುಶ್ರೂಷಾ ಕೇಂದ್ರ. ಅಲ್ಲಿ ತರಬೇತಾದ ದಾದಿ ಗಾಯ ತೊಳೆಯುತ್ತಾಳೆ, ಫಿಸಿಯೋಥೆರಪಿಸ್ಟ್ ನಡೆಯಲು ಕಲಿಸುತ್ತಾನೆ, ನುಂಗಲು, ಮಾತಾಡಲು ಅಭ್ಯಾಸ ಮಾಡಿಸುವವರು ಇರುತ್ತಾರೆ. ಮಹಾನಗರಗಳಲ್ಲಿ ಹಣವಿದ್ದವರಿಗೆ ಅದು ದೊರೆಯುತ್ತದೆ. ಸರಕಾರದ ಆರೋಗ್ಯ ಕಾರ್ಡು ಮುಖ್ಯವಾಗಿ ಆಸ್ಪತ್ರೆ ವಾಸದ ವೆಚ್ಚ ಭರಿಸುತ್ತದೆ, ಮನೆಯಲ್ಲಿನ ತಿಂಗಳುಗಟ್ಟಲೆ ಆರೈಕೆಯನ್ನಲ್ಲ. ನಮ್ಮ ಊರುಗಳಲ್ಲಿ ಆ ಮೆಟ್ಟಿಲಾಗಿ ನಿಂತಿರುವವಳು ಸೊಸೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ತಾಯಿಯ ಹಕ್ಕಿನ ಬಗ್ಗೆ ಜುಮಾ ಪ್ರವಚನ ಕೇಳಿ ಕಣ್ಣೊರೆಸಿಕೊಳ್ಳುವ ಮಗ ಮನೆಗೆ ಬಂದು ತಾಯಿಯ ಹಾಸಿಗೆ ಬದಲಿಸುವುದಿಲ್ಲ. ಅತ್ತೆಮಾವಂದಿರ ಸೇವೆಯನ್ನು ಶರೀಅತ್ ಸೊಸೆಯ ಮೇಲೆ ಕಡ್ಡಾಯವಾಗಿ ಹೊರಿಸಿಲ್ಲ. ಆಕೆ ಮಾಡಿದರೆ ಅದು ಉಪಕಾರ, ಹೊಣೆ ಮಕ್ಕಳದು. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ತಾಯಂದಿರಿಗೆ ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ ದೊರೆಯುತ್ತದೆ. ರೋಗಿಯ ಬಳಿ ಕುಳಿತ ದಿನ ಆಕೆಗೆ ಕೂಲಿಯಿಲ್ಲ. ಆ ನಷ್ಟವನ್ನು ಯಾವ ಮನೆಯಲ್ಲಿ ಲೆಕ್ಕ ಹಿಡಿದಿದ್ದಾರೆ?

ಇನ್ನೊಂದು ಮಾತು. ಮೂತ್ರದ ನಳಿಕೆ ಹಾಕಿದೊಡನೆ ‘ಇನ್ನು ನಿಮಗೆ ನಮಾಝ್ ಇಲ್ಲ’ ಎಂದು ಹಿರಿಯರಿಗೆ ಹೇಳಿಬಿಡುವವರಿದ್ದಾರೆ. ಇದು ತಪ್ಪು. ಅಂಥವರನ್ನು ಫಿಕ್ಹ್ ‘ಮಅ್‌ಝೂರ್’ ಎನ್ನುತ್ತದೆ. ಪ್ರತಿ ನಮಾಝಿನ ವೇಳೆಗೆ ವುಝೂ ಅಥವಾ ತಯಮ್ಮುಮ್ ಮಾಡಿ ಮಲಗಿದಲ್ಲೇ ಸನ್ನೆಯಿಂದ ನಿರ್ವಹಿಸಬಹುದು. ಹಾಸಿಗೆ ಹಿಡಿದವರಿಗೆ ದಿನದ ಐದು ವೇಳೆಗಳು ಉಳಿದಿರುವುದು ಸಣ್ಣ ಔಷಧಿಯಲ್ಲ.

ಶುಶ್ರೂಷೆ ಒಂದು ವಿದ್ಯೆ ಎಂಬುದು ನಮಗೆ ಹೊಸದೇನಲ್ಲ. ಮದೀನಾದ ಮಸೀದಿಯ ಡೇರೆಯಲ್ಲಿ ಗಾಯಾಳುಗಳನ್ನು ಉಪಚರಿಸಿದ ರುಫೈದಾ(ರ) ಅದನ್ನು ಬಲ್ಲವರಾಗಿದ್ದರು. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆ ವಕ್ಫ್ ಆದಾಯದಿಂದ ನಡೆಯಿತು. ಗುಣವಾಗಿ ಹೊರಡುವ ರೋಗಿಗೆ ಅಲ್ಲಿ ಉಡುಪೂ ನೆರವೂ ದೊರೆಯುತ್ತಿದ್ದವು.

ಅಷ್ಟು ದೂರ ಹೋಗಬೇಕಿಲ್ಲ, ಕೇರಳದ ಮಲಪ್ಪುರಂ ನೋಡಿರಿ. 1999ರಿಂದ ಅಲ್ಲಿ ನೆರೆಹೊರೆಯ ಉಪಶಮನ ಆರೈಕೆಯ ಜಾಲ ಬೆಳೆಯಿತು. ವಾರಕ್ಕೆ ಎರಡು ಗಂಟೆ ಕೊಡಬಲ್ಲವರನ್ನು ಸೇರಿಸಿ ತರಬೇತಿ ಕೊಟ್ಟರು. ಜಾತಿ ಧರ್ಮ ಕೇಳದೆ ದಾದಿಯೊಡನೆ ಮನೆಮನೆಗೆ ಹೋದರು. ಖರ್ಚು ಬಹುಪಾಲು ಜನರ ಸಣ್ಣ ದೇಣಿಗೆಗಳಿಂದ ಬಂತು. 2008ರಲ್ಲಿ ಕೇರಳ ಸರಕಾರವೇ ಉಪಶಮನ ಆರೈಕೆಗೆ ನೀತಿ ರೂಪಿಸಿತು. ಜನರು ಮೊದಲು ಮಾಡಿದರು, ಸರಕಾರ ಹಿಂದೆ ಬಂತು.

ನಮ್ಮ ಮಸೀದಿಗಳಲ್ಲಿ ಜನಾಝಾದ ಡೋಲಿ ಇದೆ, ಮಯ್ಯತ್ ತೊಳೆಯುವ ಹಲಗೆ ಇದೆ. ಗಾಲಿಕುರ್ಚಿ ಇರುವ ಮಸೀದಿಯನ್ನು ನಾವು ಈ ಐದೂ ತಾಲೂಕುಗಳಲ್ಲಿ ಕಂಡಿಲ್ಲ. ಒಂದು ಗಾಲಿಕುರ್ಚಿ, ಒಂದು ಗಾಳಿ ಹಾಸಿಗೆ, ಶೌಚದ ಕುರ್ಚಿ, ಊರುಗೋಲು ಇಷ್ಟನ್ನು ಜಮಾಅತ್ ಕೊಂಡಿಟ್ಟರೆ ಒಂದು ಮನೆಯಿಂದ ಇನ್ನೊಂದಕ್ಕೆ ಸಾಗಬಹುದು. ಜತೆಗೆ, ವೃದ್ಧರ ಆರೈಕೆಗೆಂದು ಕೇಂದ್ರ ಸರಕಾರ 2010ರಲ್ಲಿ ಆರಂಭಿಸಿದ ರಾಷ್ಟ್ರೀಯ ಕಾರ್ಯಕ್ರಮವೊಂದಿದೆ. ಅದರಲ್ಲಿ ಸಮುದಾಯ ಆರೋಗ್ಯ ಕೇಂದ್ರದ ಮಟ್ಟದಲ್ಲಿ ಫಿಸಿಯೋಥೆರಪಿ, ಏಳಲಾರದವರಿಗೆ ಮನೆ ಭೇಟಿ ಎಲ್ಲವೂ ಸೇರಿವೆ. ನಮ್ಮ ಐದು ತಾಲೂಕುಗಳ ಆಸ್ಪತ್ರೆಗಳಿಗೆ ಹೋಗಿ, ಯಾವ ದಿನ, ಯಾರು, ಎಷ್ಟು ಗಂಟೆಗೆ ಎಂದು ಲಿಖಿತವಾಗಿ ಕೇಳೋಣ.

ಬಾಗಿಲ ಬಳಿ ಎರಡು ಪಟ್ಟಿಗಳನ್ನಿಟ್ಟಿದ್ದೇವೆ, ಒಂದು ಸಹೋದರರಿಗೆ, ಒಂದು ಸಹೋದರಿಯರಿಗೆ. ವಾರಕ್ಕೆ ಎರಡು ಗಂಟೆ ಕೊಡಬಲ್ಲವರು ಹೆಸರು ಬರೆಯಿರಿ. ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ಕೆಳಗೆ ಬೀದಿಯ ಹೆಸರನ್ನೂ ಬರೆಯಿರಿ. ಸಹೋದರರ ಪಟ್ಟಿ ಖಾಲಿ ಉಳಿಯದಿರಲಿ.