ಮಲೆನಾಡಿನ ಜ್ವರಕ್ಕೆ ಪುಣೆಯ ನಂಟು



ಪುಣೆಯ ಡಾ. ಅಂಬೇಡ್ಕರ್ ರಸ್ತೆಯಲ್ಲಿ ಓಡಾಡುವಾಗ ‘ಎನ್‌ಐವಿ’ ಬೋರ್ಡನ್ನು ನೀವು ನೋಡಿರುತ್ತೀರಿ. ಕೋವಿಡ್ ದಿನಗಳಲ್ಲಿ ಈ ಹೆಸರು ಮನೆಮನೆಯ ಮಾತಾಯಿತು. ಆದರೆ ಕನ್ನಡಿಗರಾದ ನಮಗೂ ಈ ಸಂಸ್ಥೆಗೂ ನಂಟು ತೀರಾ ಹಳೆಯದು.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜನರಿಗೂ ಜ್ವರ. ಭಾರತಕ್ಕೆ ಹಳದಿ ಜ್ವರ ಬಂತೇ ಎಂಬ ಭಯ! 1952ರಲ್ಲಿ ಶುರುವಾಗಿದ್ದ ಪುಣೆಯ ಈ ಸಂಸ್ಥೆಯ ವಿಜ್ಞಾನಿಗಳು ಹೋಗಿ ಪರೀಕ್ಷಿಸಿದಾಗ, ಅದು ಉಣುಗಿನಿಂದ ಹರಡುವ ಹೊಸ ವೈರಸ್ ಎಂದು ಗೊತ್ತಾಯಿತು. ಅದೇ ನಮ್ಮ ‘ಮಂಗನ ಕಾಯಿಲೆ’.

ನಮ್ಮ ಸೋದರಮಾವನಿಗೆ ಇದು ಬಂದಿತ್ತು. ವಾರದಲ್ಲಿ ಜ್ವರ ಇಳಿಯಿತು. “ಇನ್ನೇನಿಲ್ಲ ಬಿಡು” ಎಂದು ತೋಟಕ್ಕೆ ಹೋದರು. ಹತ್ತು ದಿನ ಕಳೆಯುವಷ್ಟರಲ್ಲಿ ಮತ್ತೆ ಜ್ವರ, ಸಹಿಸಲಾಗದ ತಲೆನೋವು, ಕೈನಡುಕ. ಆಸ್ಪತ್ರೆಗೆ ಸೇರಿಸಿದ್ದರಿಂದ ಉಳಿದರು.

ಜ್ವರ ಎಂದರೆ ಮೈಯೊಳಗಿನ ಕಾವಲುಗಾರರು ಎಚ್ಚೆತ್ತಿದ್ದಾರೆ ಎಂದರ್ಥ. ವೈರಸ್ ಹೊಕ್ಕ ಜೀವಕೋಶ ಇಂಟರ್‌ಫೆರಾನ್ ಎಂಬ ರಾಸಾಯನಿಕ ಹೊರಬಿಟ್ಟು ನೆರೆಯ ಕೋಶಗಳನ್ನು ಎಚ್ಚರಿಸುತ್ತದೆ. ಈ ವೈರಸ್ಸಿಗೆಂದೇ ತಕ್ಕ ಪ್ರತಿಕಾಯಗಳು ತಯಾರಾಗಲು ಕೆಲವು ದಿನ ಬೇಕು. ಅಷ್ಟರಲ್ಲಿ ಮಂಗನ ಕಾಯಿಲೆಯಲ್ಲಿ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎರಡೂ ಕುಸಿಯುತ್ತವೆ. ಜ್ವರ ಬಿಟ್ಟ ಮೇಲೂ ಕೆಲವರಿಗೆ ಒಂದೆರಡು ವಾರದಲ್ಲಿ ಅದು ಮರುಕಳಿಸಿ ಮಿದುಳಿಗೆ ತೊಂದರೆ ಕೊಡುತ್ತದೆ.

ಎಲ್ಲ ವೈರಸ್ಸುಗಳ ಆಟ ಒಂದೇ ಅಲ್ಲ. ಎಚ್‌ಐವಿ, ಕಾವಲುಪಡೆಯ ದಳಪತಿಗಳಂತಿರುವ ಸಿಡಿ4 ಕೋಶಗಳನ್ನೇ ಕೊಲ್ಲುತ್ತದೆ. ದಡಾರ ಹಳೆಯ ನೆನಪನ್ನೇ ಅಳಿಸುತ್ತದೆ: ಲಸಿಕೆ ಹಾಕಿಸದ ಮಕ್ಕಳಲ್ಲಿ ದಡಾರದ ನಂತರ ಬೇರೆ ರೋಗಗಳ ವಿರುದ್ಧದ ಪ್ರತಿಕಾಯಗಳು ಶೇ. 11ರಿಂದ 73ರಷ್ಟು ಕಳೆದುಹೋಗಿದ್ದನ್ನು 2019ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. “ಮೈಮೇಲೆ ನಾಲ್ಕು ಗುಳ್ಳೆ ತಾನೇ” ಎನ್ನಬೇಡಿ, ಮಕ್ಕಳಿಗೆ ಲಸಿಕೆ ಹಾಕಿಸಿ.

ಮಂಗನ ಕಾಯಿಲೆಯ ಹಳೆಯ ಲಸಿಕೆ ಪರಿಣಾಮಕಾರಿಯಲ್ಲವೆಂದು 2022ರಲ್ಲಿ ನಿಂತಿತು. ಅದಕ್ಕೆಂದೇ ನಿರ್ದಿಷ್ಟ ಔಷಧಿಯೂ ಇಲ್ಲ. ಹಾಗಾಗಿ ಜಾಗ್ರತೆಯೇ ಮದ್ದು. ಡಿಸೆಂಬರಿನಿಂದ ಮೇವರೆಗೆ ಊರಿಗೆ ಹೋಗುವವರು ಕಾಡಂಚಿನಲ್ಲಿ ಮೈತುಂಬ ಬಟ್ಟೆ ತೊಡಿ, ಆರೋಗ್ಯ ಇಲಾಖೆ ಕೊಡುವ ಎಣ್ಣೆ ಹಚ್ಚಿಕೊಳ್ಳಿ, ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಇಲಾಖೆಗೆ ತಿಳಿಸಿ. ಅದರ ಮೈಮೇಲಿನ ಉಣುಗುಗಳು ಅಲ್ಲೇ ಉದುರಿರುತ್ತವೆ.

ಪುಣೆಗೆ ಮರಳಿದ ಮೇಲೆ ಜ್ವರ ಬಂದರೆ ಡಾಕ್ಟರಿಗೆ “ಮಲೆನಾಡಿಗೆ ಹೋಗಿದ್ದೆ” ಎಂದು ಮರೆಯದೆ ಹೇಳಿ. ಇಲ್ಲಿನ ವೈದ್ಯರಿಗೆ ಅದು ತಾನಾಗಿ ಹೊಳೆಯಲಿಕ್ಕಿಲ್ಲ. ರೋಗಿಯ ಆರೈಕೆಗೆ ಹೆದರಬೇಡಿ, ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ.

ಊರಿಗೆ ಫೋನ್ ಮಾಡಿದಾಗ ಈ ಮಾತು ಅಲ್ಲಿಯೂ ಹೇಳಿ.