ಇಸ್ತ್ರಿಯ ಹಿಡಿಕೆ

ಅಕ್ಕಂದಿರೇ, ಇದ್ದಲಿ ಇಸ್ತ್ರಿ ಪೆಟ್ಟಿಗೆ ನೋಡೀರಲ್ಲ? ಒಳಗೆ ಕೆಂಡ, ಮೇಲೆ ನಮ್ಮ ಕೈ. ಆದರೂ ಕೈ ಸುಡುವುದಿಲ್ಲ. ಯಾಕೆ?

ಹಿಡಿಕೆ ಕಟ್ಟಿಗೆಯದು. ಕಬ್ಬಿಣದಲ್ಲಿ ಬಿಸಿ ಬೇಗ ಹರಿಯುತ್ತದೆ, ಕಟ್ಟಿಗೆಯಲ್ಲಿ ನಿಧಾನ. ಮತ್ತೆ, ಹಿಡಿಕೆ ಎರಡು ಕಾಲಿನ ಮೇಲೆ ಎತ್ತರದಲ್ಲಿದೆ. ನಡುವೆ ಗಾಳಿ ಆಡುತ್ತದೆ.

ಕಟ್ಟಿಗೆ ಸೀಳು ಬಿಟ್ಟರೆ ಒಳಗಿನ ಕಬ್ಬಿಣದ ಸರಳು ಕೈಗೆ ತಾಗುತ್ತದೆ. ಆಗ ನಾವು ಹಸಿ ಅರಿವೆ ಸುತ್ತುತ್ತೇವೆ. ಬೇಡ್ರೆವ್ವಾ! ಹಸಿ ಅರಿವೆ ಬಿಸಿಯನ್ನು ಬೇಗ ಕೈಗೆ ಮುಟ್ಟಿಸುತ್ತದೆ. ಒಣ ಅರಿವೆ ದಪ್ಪಗೆ ಹಿಡಿದು ಪೆಟ್ಟಿಗೆ ಕೆಳಗಿಡೋಣ. ಬಡಿಗೇರ ಕಡೆ ಹೊಸ ಹಿಡಿಕೆ ಹಾಕಿಸೋಣ.

ನಿಪ್ಪಾಣಿ ಕಡೆ ನಮ್ಮಲ್ಲಿ ಬೀಡಿ ಕಟ್ಟುವವರು ಬಹಳ. ಬೆರಳು ಸುಟ್ಟರೆ ಅಂದಿನ ಕೂಲಿ ಹೋಯಿತು. ಸುಟ್ಟ ಕೂಡಲೇ ಬಳೆ, ಉಂಗುರ ತೆಗೆದು 20 ನಿಮಿಷ ತಣ್ಣೀರು ಸುರಿಯಬೇಕು. ಪೇಸ್ಟು ಹಚ್ಚಬಾರದು. ಗುಳ್ಳೆ ಎದ್ದರೆ ಒಡೆಯದೆ ದವಾಖಾನೆಯಲ್ಲಿ ತೋರಿಸೋಣ.