ಮಕ್ಕಳನ್ನು ಶಿಬಿರಕ್ಕೆ ಕಳಿಸುವ ಮುನ್ನ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಹೆಡ್‌ಮಾಸ್ಟರು ಫೋನ್ ಮಾಡಿ, "ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದೀಯ, ಮಕ್ಕಳಿಗೆ ಅದರ ಬಗ್ಗೆ ನಾಲ್ಕು ಮಾತು ಹೇಳಪ್ಪ" ಅಂದರು. ಒಪ್ಪಿಕೊಂಡೆ. ಆದರೆ ಕಂಪ್ಯೂಟರ್ ಬಗ್ಗೆ ಈಗಿನ ಮಕ್ಕಳಿಗೆ ನಾನು ಹೇಳಬೇಕಾದ್ದು ಹೆಚ್ಚೇನಿಲ್ಲ. ಅದರ ಬದಲು ಒಂದು ಚೀಲದ ಕಥೆ ಹೇಳುತ್ತೇನೆ. ಮನೆ ಬಿಟ್ಟು ಮೂರು ರಾತ್ರಿ ಹೊರಗೆ ಮಲಗಬೇಕಾದ ಮಗುವಿನ ಚೀಲ. ಇದು ಮಕ್ಕಳಿಗಿಂತ ಹೆಚ್ಚಾಗಿ ಹಿಂದೆ ಕೂತಿರುವ ಅಪ್ಪ ಅವ್ವಂದಿರಿಗೆ.

2003ರ ಏಪ್ರಿಲ್. ಎಂಟನೇ ತರಗತಿಯ ಪರೀಕ್ಷೆ ಮುಗಿದಿತ್ತು. ಎಚ್.ಡಿ. ಕೋಟೆ ಕಡೆ ಕಾಡಂಚಿನ ಒಂದು ಶಾಲೆಯಲ್ಲಿ ಮೂರು ರಾತ್ರಿಯ ಪರಿಸರ ಶಿಬಿರ; ಒಂದು ಶಾಲೆಯಿಂದ ಒಬ್ಬರೇ ಹೋಗಬೇಕು. ವಿಜ್ಞಾನದ ಮೇಷ್ಟ್ರು ನಮಗೆಲ್ಲ ಎಲೆ ಸಂಗ್ರಹಿಸಿ ಪುಸ್ತಕ ಮಾಡಲು ಹೇಳಿದ್ದರು. ನಾನು ಹತ್ತು ಎಲೆ ತಂದಿದ್ದೆ, ಅದರಲ್ಲಿ ಮೂರಕ್ಕೆ ಹೆಸರೇ ಗೊತ್ತಿರಲಿಲ್ಲ. ನಮ್ಮ ತರಗತಿಯ ಒಬ್ಬ ಹುಡುಗಿ ನಲವತ್ತು ತಂದಿದ್ದಳು. ಹೊನ್ನೆ, ಮತ್ತಿ, ಬೀಟೆ, ತಾರೆ, ಮುತ್ತುಗ, ಒಂದೊಂದರ ಕೆಳಗೂ ದುಂಡಗೆ ಹೆಸರು. ಆಯ್ಕೆಯಾಗಿದ್ದು ಅವಳೇ.

ಅವಳು ಹೋಗಲಿಲ್ಲ. ಮನೆಯಲ್ಲಿ ಬೇಡವೆಂದರಂತೆ. ಆ ಜಾಗಕ್ಕೆ ನಾನು ಹೋದೆ. ಇದನ್ನು ಇಲ್ಲಿಗೇ ನಿಲ್ಲಿಸಿ, ಕೊನೆಯಲ್ಲಿ ಮತ್ತೆ ಹೇಳುತ್ತೇನೆ.

ನಮ್ಮ ಮನೆಯಲ್ಲೂ ಸುಲಭಕ್ಕೆ ಒಪ್ಪಲಿಲ್ಲ. ಹೊಗೆಸೊಪ್ಪಿನ ಸಸಿ ಮಡಿಗೆ ಬೆಳಗ್ಗೆ ಸಂಜೆ ನೀರು ಹುಯ್ಯುವುದು ನನ್ನ ಕೆಲಸವಾಗಿತ್ತು. ಮೇಷ್ಟ್ರು ಮನೆಗೇ ಬಂದು ಕೂತು ಅಪ್ಪನನ್ನು ಒಪ್ಪಿಸಿದರು. ಅವ್ವ ಚೀಲ ಕಟ್ಟಿದಳು. ಎರಡು ಜೊತೆ ಬಟ್ಟೆ, ದುಪ್ಪಟಿ, ತಟ್ಟೆ ಲೋಟ, ನಿಪ್ಪಟ್ಟು, ಟಾರ್ಚು. ನಾನು ಮುಟ್ಟಲೇ ಇಲ್ಲ. ಬಸ್ ಸ್ಟಾಂಡಿನಲ್ಲಿ ಅಪ್ಪ ಮೂರು ಒಂದು ರೂಪಾಯಿ ನಾಣ್ಯವನ್ನು ಕರ್ಚೀಫಿನ ತುದಿಗೆ ಗಂಟು ಹಾಕಿ ಕೊಟ್ಟು, "ಬೇಜಾರಾದ್ರೆ ಪಕ್ಕದ ಮನೆಗೆ ಫೋನ್ ಮಾಡ್ಲಾ, ಬಂದು ಕರ್ಕೊಂಡ್ ಬತ್ತೀನಿ" ಅಂದ. ಪ್ರೀತಿಯ ಮಾತೇ ಅದು. ಆದರೆ ಆ ಮಾತೇ ನನ್ನ ನಿದ್ದೆ ಕೆಡಿಸಿತು.

ಮೊದಲ ರಾತ್ರಿ ಶಾಲೆಯ ಕೊಠಡಿಯಲ್ಲಿ ಜಮಖಾನ ಹಾಸಿ ಇಪ್ಪತ್ತು ಹುಡುಗರು ಸಾಲಾಗಿ ಮಲಗಿದೆವು. ದೂರದಲ್ಲಿ ಆನೆ ಓಡಿಸಲು ರೈತರು ತಮಟೆ ಬಡಿಯುತ್ತಿದ್ದರು. ಕರ್ಚೀಫಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದು, ಬೆಳಗಾಗುತ್ತಲೇ ಫೋನ್ ಮಾಡಬೇಕು, ಅಪ್ಪ ಮಧ್ಯಾಹ್ನದ ಬಸ್ಸಿಗೆ ಬರುತ್ತಾನೆ ಎಂದು ಲೆಕ್ಕ ಹಾಕುತ್ತ ಮಲಗಿದ್ದೆ. ಮಧ್ಯರಾತ್ರಿ ಹೊರಗೆ ಹೋಗಬೇಕಾಯಿತು. ಟಾರ್ಚು ಎಲ್ಲಿದೆ? ಅವ್ವ ಎಲ್ಲಿ ಇಟ್ಟಿದ್ದಾಳೋ ಗೊತ್ತಿಲ್ಲ. ಕತ್ತಲಲ್ಲಿ ಚೀಲ ತಡಕಿದೆ, ಸಿಗಲಿಲ್ಲ. ಪಕ್ಕದವನನ್ನು ಎಬ್ಬಿಸಲು ನಾಚಿಕೆ. ಒಬ್ಬನೇ ಹೋಗಲು ಹೆದರಿಕೆ. ತಡೆದುಕೊಂಡು ಮಲಗಿದೆ. ಮುಂದೆ ಏನಾಯಿತೆಂದು ನೀವೇ ಊಹಿಸಿ. ಹದಿಮೂರು ವರ್ಷದ ಹುಡುಗ ನಾನು. ಇಪ್ಪತ್ತು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ, ಇವತ್ತು ಮೈಕಿನಲ್ಲಿ ಹೇಳುತ್ತಿದ್ದೇನೆ.

ಬೆಳಗಿನ ಜಾವ ಶಿಬಿರದ ಒಬ್ಬ ಮೇಷ್ಟ್ರು ನೋಡಿದರು. ಒಂದು ಮಾತೂ ಕೇಳದೆ ಆ ಜಮಖಾನವನ್ನು ಎತ್ತಿಕೊಂಡು ಹೋಗಿ ಬೇಲಿಯ ಮೇಲೆ ಹಾಕಿದರು. "ನೀರಿನ ಬಾಟ್ಲಿ ಚೆಲ್ತು ಅಂತ ಹೇಳು" ಅಂದರು. ಆಮೇಲೆ, "ಉಪ್ಪಿಟ್ಟು ಬಡಿಸೋಕೆ ಒಬ್ಬ ಬೇಕು, ಬಾ" ಎಂದು ಕೈಗೆ ಸೌಟು ಕೊಟ್ಟರು. ಅರವತ್ತು ಜನರಿಗೆ ಬಡಿಸಿ ಮುಗಿಸುವಷ್ಟರಲ್ಲಿ ಹತ್ತು ಜನರ ಹೆಸರು ಗೊತ್ತಾಗಿತ್ತು. ಫೋನ್ ಮಾಡುವುದು ಮರೆತೇ ಹೋಯಿತು. ನಾಲ್ಕನೇ ದಿನ ಊರಿಗೆ ಬಂದು ಮೂರು ನಾಣ್ಯವನ್ನೂ ಅಪ್ಪನಿಗೆ ವಾಪಸ್ ಕೊಟ್ಟೆ.

ಪಿಯುಸಿಗೆ ಹಾಸ್ಟೆಲ್ ಸೇರಿದಾಗ, ಬಿಇಗೆ ಮೈಸೂರಿಗೆ ಹೋದಾಗ, ಮೊದಲ ಕೆಲಸಕ್ಕೆ ಗೊತ್ತುಗುರಿಯಿಲ್ಲದ ಊರಿಗೆ ಹೋದಾಗ, ಪ್ರತಿ ಸಲವೂ ಮೊದಲ ರಾತ್ರಿ ಬೇಜಾರಾಗಿದೆ. ಆದರೆ ಬೆಳಗಾದರೆ ಅದು ತಗ್ಗುತ್ತದೆ ಎಂಬುದು ಎಂಟನೇ ತರಗತಿಯಲ್ಲೇ ಗೊತ್ತಾಗಿತ್ತು. ನಮ್ಮ ಹಾಸ್ಟೆಲಿನಲ್ಲಿ ನನಗಿಂತ ಜಾಣರಾದ ಇಬ್ಬರು ಮೊದಲ ವಾರದಲ್ಲೇ ಪೆಟ್ಟಿಗೆ ಎತ್ತಿಕೊಂಡು ಊರಿಗೆ ಹೋದರು, ಮತ್ತೆ ಬರಲಿಲ್ಲ. ಅವರಿಗೆ ಕಡಿಮೆಯಾಗಿದ್ದು ಬುದ್ಧಿಯಲ್ಲ, ಅಭ್ಯಾಸ. ನಮ್ಮ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು 1972ರಿಂದ 1977ರವರೆಗೆ, ಮತ್ತೆ 1978ರಿಂದ 1980ರವರೆಗೆ ಮುಖ್ಯಮಂತ್ರಿಯಾಗಿದ್ದರು. ಹಿಂದುಳಿದವರ ಮಕ್ಕಳ ಓದಿಗೆ ಅವರ ಕಾಲದಲ್ಲಿ ದೊಡ್ಡ ಬಾಗಿಲೇ ತೆರೆಯಿತು. ಸರ್ಕಾರ ಹಾಸ್ಟೆಲ್ ಕೊಡಬಹುದು. ಅಲ್ಲಿ ಮೊದಲ ರಾತ್ರಿ ಕಳೆಯುವ ಧೈರ್ಯವನ್ನು ಮನೆಯವರೇ ಕೊಡಬೇಕು.

ಈಗ ನನ್ನ ಮಗಳ ವಿಷಯಕ್ಕೆ ಬರುತ್ತೇನೆ. ಅವಳಿಗೆ ಒಂಬತ್ತು ವರ್ಷ. ಕಳೆದ ಬೇಸಿಗೆಯಲ್ಲಿ ನಾಲ್ಕು ರಾತ್ರಿಯ ಶಿಬಿರಕ್ಕೆ ಹೋಗುತ್ತೇನೆಂದಳು. ಅದಕ್ಕೆ ಮುಂಚೆ ಅವಳು ಕಂಡಿದ್ದು ಹಗಲಿನ ಶಿಬಿರ ಮಾತ್ರ, ಸಂಜೆಗೆ ಮನೆ. ನಾನು ಸಾಫ್ಟ್‌ವೇರಿನವನಲ್ಲವೇ, ತಕ್ಷಣ ಮೂವತ್ತೆರಡು ಸಾಮಾನಿನ ಪಟ್ಟಿ ಮಾಡಿ ಪ್ರಿಂಟ್ ತೆಗೆದೆ. ನನ್ನ ಹೆಂಡತಿ ಅದನ್ನು ನೋಡಿ, "ಮಗು ಹೋಗ್ತಿರೋದು ಶಿಬಿರಕ್ಕೋ ಮದುವೆ ಆಗಿ ಅತ್ತೆ ಮನೆಗೋ?" ಅಂದಳು.

ನಮ್ಮ ಕೆಲಸದಲ್ಲಿ ಒಂದು ನಿಯಮವಿದೆ. ಪರೀಕ್ಷೆ ಮಾಡದೆ ಯಾವುದನ್ನೂ ಜನರ ಕೈಗೆ ಕೊಡಬಾರದು. ಹಾಗಾಗಿ ಶಿಬಿರಕ್ಕೆ ಮೂರು ವಾರ ಮುಂಚೆ ಮಗಳನ್ನು ಈ ಊರಿಗೆ ಕರೆತಂದು, ನಮ್ಮ ಅವ್ವನ ಹತ್ತಿರ ಎರಡು ರಾತ್ರಿ ಬಿಟ್ಟು, ನಾವಿಬ್ಬರೂ ಮೈಸೂರಿಗೆ ಹೋಗಿ ಉಳಿದೆವು. ಅವ್ವನಿಗೆ ಹೇಳಿದ್ದು ಒಂದೇ: "ಅವಳ ಕೆಲಸ ನೀನು ಮಾಡಬೇಡ."

ಎರಡು ದಿನದಲ್ಲಿ ತಪ್ಪುಗಳೆಲ್ಲ ಹೊರಬಿದ್ದವು. ಮಗಳಿಗೆ ಜಡೆ ಹಾಕಿಕೊಳ್ಳಲು ಬರುವುದಿಲ್ಲ. ಕುಕ್ಕರಗಾಲಲ್ಲಿ ಕೂರುವ ಕಕ್ಕಸು ಅಭ್ಯಾಸವಿಲ್ಲ. ತಟ್ಟೆ ತೊಳೆದರೆ ಅರ್ಧ ಅನ್ನ ಹಾಗೇ ಇರುತ್ತದೆ. ಮನೆಯಲ್ಲಿ ರಾತ್ರಿ ಸಣ್ಣ ದೀಪ ಉರಿಯುತ್ತಿರುವುದರಿಂದ ಪೂರ್ತಿ ಕತ್ತಲೆಯೇ ಅವಳಿಗೆ ಹೊಸದು. ಅವ್ವ ಫೋನಿನಲ್ಲಿ, "ಇಂಗ್ಲಿಷ್ ಪದ್ಯ ಇಪ್ಪತ್ತು ಬತ್ತದೆ ಕಣಪ್ಪ, ಒಂದು ಚೊಂಬು ನೀರು ಹುಯ್ಕೊಂಡು ಕಾಲು ತೊಳೆಯಕ್ಕೆ ಬರಕಿಲ್ಲ" ಅಂದಳು. ಉಳಿದ ಮೂರು ವಾರ ಇವನ್ನೇ ಕಲಿಸಿದೆವು. ನನ್ನ ಪಟ್ಟಿ ಮೂವತ್ತೆರಡರಿಂದ ಹದಿನೈದಕ್ಕೆ ಇಳಿಯಿತು. ಚೀಲವನ್ನು ಅವಳೇ ಕಟ್ಟಿದಳು, ಎರಡು ಸಲ ಬಿಚ್ಚಿ ಮತ್ತೆ ಕಟ್ಟಿದಳು. ಕೊನೆಗೆ ನಾನು ದೀಪ ಆರಿಸಿ, "ಟಾರ್ಚು ತೆಗಿ" ಅಂದೆ. ಪಕ್ಕದ ಜೇಬಿನಿಂದ ತಕ್ಷಣ ತೆಗೆದಳು. ಯಾಕೆ ಈ ಪರೀಕ್ಷೆ ಎಂದು ಅವಳಿಗೆ ಗೊತ್ತಿಲ್ಲ, ನಿಮಗೆ ಗೊತ್ತು.

ಹೊರಡುವ ಹಿಂದಿನ ರಾತ್ರಿ ಅವಳು ಕೇಳಿದಳು: "ಅಪ್ಪಾ, ಬೇಜಾರಾದ್ರೆ ಬಂದು ಕರ್ಕೊಂಡು ಹೋಗ್ತೀಯಾ?"

ನಮ್ಮಪ್ಪನ ಮಾತು ಬಾಯಿಗೆ ಬಂದಿತ್ತು, ತಡೆದೆ. "ಬೇಜಾರು ಆಗೇ ಆಗುತ್ತೆ ಮಗಳೇ. ರಾತ್ರಿ ಮಲಗುವಾಗ ಜಾಸ್ತಿ, ಬೆಳಗ್ಗೆ ಕಡಿಮೆ. ಅದಕ್ಕೆ ನಾನು ಬರೋದಿಲ್ಲ. ಟೀಚರ್‌ಗೆ ಹೇಳು, ಪಕ್ಕದಲ್ಲಿ ಮಲಗಿರುವವಳಿಗೆ ಹೇಳು, ಅವಳಿಗೂ ಆಗಿರುತ್ತೆ. ಆದರೆ ಯಾರಾದರೂ ಹೊಡೆದರೆ, ಮುಟ್ಟಬಾರದ ಕಡೆ ಮುಟ್ಟಿದರೆ, ಮನೇಲಿ ಹೇಳಬೇಡ ಅಂತ ಗುಟ್ಟು ಮಾಡಿದರೆ, ಮೈ ಹುಷಾರಿಲ್ಲದಿದ್ದರೆ, ರಾತ್ರಿ ಎರಡು ಗಂಟೆಯಾದರೂ ಹೇಳಿ ಫೋನ್ ಮಾಡಿಸು. ಆಗ ಬಂದೇ ಬರ್ತೀನಿ" ಅಂದೆ.

ಪೋಷಕರೇ, ನಾನು ಹೇಳಬೇಕೆಂದು ಬಂದಿದ್ದು ಇಷ್ಟೇ. ಬೇಜಾರು ಬೇರೆ, ಅಪಾಯ ಬೇರೆ. ಎರಡನ್ನೂ ಒಂದೇ ಗಂಟಿಗೆ ಕಟ್ಟಿದರೆ ಮಗು ಬೇಜಾರಿಗೂ ಓಡಿ ಬರುತ್ತದೆ. ಇಲ್ಲವೇ ಅಪಾಯವನ್ನೂ ಬೇಜಾರೆಂದುಕೊಂಡು ಸಹಿಸಿಕೊಂಡು ಕೂರುತ್ತದೆ. ಮೊದಲನೆಯದನ್ನು ತಾಳಿಕೊಳ್ಳುವುದನ್ನು ಕಲಿಸಬೇಕು, ಎರಡನೆಯದನ್ನು ಕೂಗಿ ಹೇಳುವುದನ್ನು ಕಲಿಸಬೇಕು. ಮನೆಯ ಫೋನ್ ನಂಬರ್ ಬಾಯಿಪಾಠವಾಗಿರಲಿ. ಮಕ್ಕಳ ಸಹಾಯವಾಣಿ 1098 ಕೂಡ ಗೊತ್ತಿರಲಿ, ಅದಕ್ಕೆ ದುಡ್ಡು ಬೇಕಿಲ್ಲ.

ಕಳಿಸುವ ಮುಂಚೆ ನಾವೂ ಕೇಳಬೇಕಾದ ಪ್ರಶ್ನೆಗಳಿವೆ, ಕೇಳಲು ಸಂಕೋಚ ಬೇಡ. ರಾತ್ರಿ ಮಕ್ಕಳ ಜೊತೆ ಯಾರು ಇರುತ್ತಾರೆ? ಹೆಣ್ಣುಮಕ್ಕಳ ಕೊಠಡಿಯಲ್ಲಿ ಶಿಕ್ಷಕಿ ಮಲಗುತ್ತಾರಾ? ಕಕ್ಕಸು ಎಷ್ಟು ದೂರ, ಅಲ್ಲಿ ದೀಪ ಇದೆಯಾ, ಚಿಲಕ ಇದೆಯಾ? ಹತ್ತಿರದ ಆಸ್ಪತ್ರೆ ಯಾವುದು, ರಾತ್ರಿ ವಾಹನ ಇರುತ್ತದಾ? ನಮ್ಮದು ಹೊಳೆ, ನಾಲೆಗಳ ಸೀಮೆ. ಕಪಿಲೆಯೋ ಕಾವೇರಿಯೋ ಲಕ್ಷ್ಮಣತೀರ್ಥವೋ, ನೀರಿಗೆ ಇಳಿಸುತ್ತಾರಾ ಎಂದು ಕೇಳಿ. ರಾತ್ರಿ ಟಾರ್ಚು ಇಲ್ಲದೆ ಅಂಗಳಕ್ಕೂ ಇಳಿಯಬಾರದು, ಚಪ್ಪಲಿ ಕೊಡವಿ ಹಾಕಬೇಕು ಎಂದು ಮಕ್ಕಳಿಗೆ ಹೇಳಿ. ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ, ನೇರ ಆಸ್ಪತ್ರೆ.

ಹಾಗೆಯೇ ನಾವು ಮುಚ್ಚಿಡಬಾರದವೂ ಇವೆ. ಮಗುವಿಗೆ ಮೂರ್ಛೆ ಬರುತ್ತದೆಯೇ, ಉಬ್ಬಸವಿದೆಯೇ, ಹಾಸಿಗೆಯಲ್ಲಿ ಉಚ್ಚೆ ಹುಯ್ಯುವ ಅಭ್ಯಾಸವಿದೆಯೇ, ಮೇಷ್ಟ್ರ ಕಿವಿಯಲ್ಲಿ ಹೇಳಿ. ಅದು ಅವಮಾನವಲ್ಲ. ಹತ್ತು ವರ್ಷದ ಆಸುಪಾಸಿನ ಹೆಣ್ಣುಮಕ್ಕಳ ಚೀಲದಲ್ಲಿ ಪ್ಯಾಡ್ ಇಡಿ, ಯಾಕೆಂದು ಮೊದಲೇ ಹೇಳಿಕೊಡಿ. ಇದನ್ನು ವೇದಿಕೆಯಲ್ಲಿ ಹೇಳಲೇಬೇಕೆಂದು ನನ್ನ ಹೆಂಡತಿಯ ಆಜ್ಞೆ.

ನಾಲ್ಕು ರಾತ್ರಿಗೆ ಇಷ್ಟೊಂದು ಯಾಕಪ್ಪ ಎನ್ನಬಹುದು. ನಮ್ಮ ಪಕ್ಕದ ಹಾಡಿಗಳ ಜೇನು ಕುರುಬರ, ಬೆಟ್ಟ ಕುರುಬರ ಮಕ್ಕಳನ್ನು ನೆನೆಯಿರಿ. ಎಷ್ಟೋ ಮಕ್ಕಳು ಒಂದನೇ ತರಗತಿಗೇ ಆಶ್ರಮ ಶಾಲೆ ಸೇರಿ ತಿಂಗಳುಗಟ್ಟಲೆ ಅಲ್ಲೇ ಮಲಗುತ್ತಾರೆ. ನಡುವೆ ಓಡಿ ಬಂದರೆ "ಆ ಮಕ್ಕಳಿಗೆ ಓದು ಬೇಡ" ಎಂದುಬಿಡುತ್ತೇವೆ. ಹದಿಮೂರು ವರ್ಷದ ನಾನು ಒಂದೇ ರಾತ್ರಿಗೆ ಓಡಿಬರಲು ಸಿದ್ಧನಾಗಿದ್ದೆ. ಆರು ವರ್ಷದ ಮಗುವಿಗೆ ಏನನ್ನಿಸಬೇಕು? ಕೆ.ಆರ್. ನಗರದ ಡೋರ್ನಹಳ್ಳಿಯ ನವೋದಯ ಶಾಲೆಗೆ ಆಯ್ಕೆಯಾಗಲೆಂದು ಮಕ್ಕಳಿಗೆ ಗಣಿತ ತಿದ್ದಿಸುತ್ತೇವೆ. ಆಯ್ಕೆಯಾದ ಮೇಲೆ ಆರನೇ ತರಗತಿಯ ಮಗು ಅಲ್ಲಿ ಒಬ್ಬಂಟಿ ಮಲಗಬೇಕಲ್ಲ, ಅದನ್ನು ತಿದ್ದಿಸುವುದಿಲ್ಲ.

ಶಿಬಿರವೆಂದರೆ ಪಟ್ಟಣದ ಉಳ್ಳವರ ಮಕ್ಕಳದ್ದು ಎಂಬ ಮಾತೂ ಇದೆ. ಸ್ಕೌಟ್ ಚಳವಳಿಗೆ ಮೊದಲಾದದ್ದು 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ನಡೆಸಿದ ಶಿಬಿರ. ಅಲ್ಲಿ ಇದ್ದ ಸುಮಾರು ಇಪ್ಪತ್ತು ಹುಡುಗರಲ್ಲಿ ಶ್ರೀಮಂತರ ಮಕ್ಕಳೂ ಇದ್ದರು, ದುಡಿಯುವವರ ಮಕ್ಕಳೂ ಇದ್ದರು. ಇಂದು ಸರ್ಕಾರಿ ಶಾಲೆಯ ಮಕ್ಕಳಿಗೂ ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರವಿದೆ, ಅರಣ್ಯ ಇಲಾಖೆಯ ಚಿಣ್ಣರ ವನದರ್ಶನವಿದೆ. ಅವಕಾಶ ಶಾಲೆಯ ಬಾಗಿಲಿಗೆ ಬಂದಾಗ "ನಮ್ಮ ಮಗು ಬೇಡ" ಎನ್ನಬೇಡಿ.

ಈಗ ಆ ಎಲೆ ಪುಸ್ತಕದ ಹುಡುಗಿ. ಅವರು ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಹೇಳಲೋ ಬೇಡವೋ ಎಂದು ಬೆಳಗ್ಗೆ ಕೇಳಿಕೊಂಡೇ ಹೇಳುತ್ತಿದ್ದೇನೆ. ನಾನು ಇಷ್ಟು ವರ್ಷ, ಆನೆ ಹುಲಿಗೆ ಹೆದರಿ ಅವರ ಮನೆಯಲ್ಲಿ ಕಳಿಸಲಿಲ್ಲ ಎಂದುಕೊಂಡಿದ್ದೆ. ಬೆಳಗ್ಗೆ ಅವರು ಹೇಳಿದರು: "ಆನೆಗೆ ಯಾರು ಹೆದರ್ತಾರಪ್ಪ, ನಮ್ಮ ಹೊಲಕ್ಕೇ ಬತ್ತಿತ್ತು. ಹೆಣ್ಮಕ್ಕಳು ಎಲ್ಲಿ ಮಲಗ್ತಾರೆ ಅಂತ ನಮ್ಮವ್ವ ಕೇಳಿದ್ಲು. ಯಾರೂ ಹೇಳ್ಲಿಲ್ಲ. ನಿಮ್ಮನೆಗೆ ಮೇಷ್ಟ್ರು ಬಂದು ಕೂತು ಮಾತಾಡಿದ್ರಂತೆ. ನಮ್ಮನೆಗೆ ಯಾರೂ ಬರ್ಲಿಲ್ಲ."

ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ನಲವತ್ತು ಎಲೆಯ ಹೆಸರು ಗೊತ್ತಿದ್ದವರು ಊರಲ್ಲೇ ಉಳಿದರು, ಮೂರು ಎಲೆಯ ಹೆಸರು ಗೊತ್ತಿಲ್ಲದವನು ಹೋಗಿಬಂದ. ಆ ಮೂರು ರಾತ್ರಿಯಿಂದ ನನಗೆ ಸಿಕ್ಕ ಧೈರ್ಯ ಅವರ ಪಾಲಿನದು. ಒಂದೇ ಒಂದು ಪ್ರಶ್ನೆಗೆ ಯಾರಾದರೂ ಉತ್ತರ ಹೇಳಿದ್ದರೆ ಸಾಕಿತ್ತು.

ಅವರ ಮಗಳು ಈಗ ಇದೇ ಶಾಲೆಯಲ್ಲಿ ಎಂಟನೇ ತರಗತಿ. ಹಾಗಾಗಿ 2005ರ ಎಸ್‌ಎಸ್‌ಎಲ್‌ಸಿ ಬ್ಯಾಚಿನ ನಾವೆಲ್ಲ ಸೇರಿ ಒಂದು ತೀರ್ಮಾನ ಮಾಡಿದ್ದೇವೆ. ಚೀಲ, ಟಾರ್ಚು, ದುಪ್ಪಟಿ, ತಟ್ಟೆ ಲೋಟವಿರುವ ಇಪ್ಪತ್ತು ಸೆಟ್ ಶಾಲೆಗೆ ಕೊಡುತ್ತೇವೆ. ಶಿಬಿರಕ್ಕೆ ಹೋಗುವ ಮಕ್ಕಳು ಬಳಸಿ ಹಿಂದಿರುಗಿಸಲಿ. ಶಿಕ್ಷಕರಲ್ಲಿ ನಮ್ಮ ಬೇಡಿಕೆ ಎರಡು. ಯಾವುದೇ ಶಿಬಿರಕ್ಕೆ ಮುಂಚೆ ತಾಯಂದಿರನ್ನು ಕರೆದು ಒಂದು ಸಭೆ ಮಾಡಿ, ಎಲ್ಲ ಪ್ರಶ್ನೆಗೂ ಉತ್ತರ ಹೇಳಿ. ಬಾರದವರ ಮನೆಗೆ ನೀವೇ ಹೋಗಿ. ಇನ್ನೊಂದು, ಹೋಗುವ ಮಕ್ಕಳನ್ನು ಮೊದಲು ಒಂದು ರಾತ್ರಿ ನಮ್ಮ ಶಾಲೆಯಲ್ಲೇ ಮಲಗಿಸಿ. ಕಾವಲಿಗೆ ಹಳೆಯ ವಿದ್ಯಾರ್ಥಿಗಳು ನಾವು ಬರುತ್ತೇವೆ, ನಮ್ಮ ಮನೆಯ ಹೆಂಗಸರೂ ಬರುತ್ತಾರೆ.

ಕೊನೆಯದಾಗಿ ನನ್ನ ಮಗಳ ಸುದ್ದಿ. ಬಿಟ್ಟುಬರುವ ದಿನ ಅವಳು ಹಿಂದೆ ತಿರುಗಿಯೂ ನೋಡದೆ ಒಳಗೆ ಓಡಿದಳು. ಕಾರಿನಲ್ಲಿ ಕೂತು ಅತ್ತವನು ನಾನು. ಐದನೇ ದಿನ ಕರೆತರಲು ಹೋದಾಗ, "ಬೇಜಾರಾಯ್ತಾ?" ಎಂದು ಕೇಳಿದೆ. "ಎರಡು ರಾತ್ರಿ ಆಯ್ತು. ಆಮೇಲೆ ಪಕ್ಕದವಳಿಗೆ ಆಯ್ತು, ನಾನೇ ಸಮಾಧಾನ ಮಾಡಿದೆ" ಅಂದಳು.

ನನಗೆ ಈ ಅವಕಾಶ ಕೊಟ್ಟ ಶಾಲೆಗೆ, ಅಂದು ನಮ್ಮ ಮನೆಗೆ ಬಂದು ಕೂತ ಮೇಷ್ಟ್ರಿಗೆ, ಜಮಖಾನ ಒಣಗಿಸಿದ ಆ ಹೆಸರು ತಿಳಿಯದ ಗುರುಗಳಿಗೆ ಶರಣು ಎಂದು ಹೇಳಿ ನನ್ನ ಮಾತು ಮುಗಿಸುತ್ತೇನೆ.